ಇಲ್ಲ, ಅಲ್ಲ, ಒಲ್ಲೆ

ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ‘ಮಲ್ಲಿಗೆ ಇಲ್ಲ’ ಎಂದರೆ ಬುಟ್ಟಿಯಲ್ಲಿ ಹೂವಿಲ್ಲ. ‘ಮಲ್ಲಿಗೆ ಅಲ್ಲ, ಕಾಕಡ’ ಎಂದರೆ ಹೂವಿದೆ, ಜಾತಿ ಬೇರೆ. ‘ಮಲ್ಲಿಗೆ ಬೇಡ’ ಎಂದರೆ ಹೂವೂ ಇದೆ, ಜಾತಿಯೂ ಅದೇ, ಕೊಳ್ಳುವವರಿಗೆ ಮನಸ್ಸಿಲ್ಲ. ಕನ್ನಡ ಆಡುವ ಪುಟ್ಟ ಮಗುವಿಗೂ ಈ ಮೂರರ ಭೇದವನ್ನು ಯಾರೂ ಕೂರಿಸಿ ಹೇಳಿಕೊಡಬೇಕಾಗಿಲ್ಲ.

‘ಇಲ್ಲ’ದ ಬೇರು ‘ಇಲ್’. ಅದು ಇರವನ್ನು ನಿರಾಕರಿಸುತ್ತದೆ. ‘ಅಲ್ಲ’ದ ಬೇರು ‘ಅಲ್’. ಅದು ಗುರುತನ್ನು ನಿರಾಕರಿಸುತ್ತದೆ. ಎರಡೂ ದ್ರಾವಿಡ ಭಾಷೆಗಳ ಸಮಾನ ಆಸ್ತಿ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಇವುಗಳ ನೆಂಟರೆಲ್ಲ ಒಟ್ಟಿಗೆ ಸಿಗುತ್ತಾರೆ. ಮಲಯಾಳದಲ್ಲಿ ‘ಇಲ್ಲ’, ‘ಅಲ್ಲ’ ನಮ್ಮ ಹಾಗೆಯೇ ಬೇರೆಬೇರೆಯಾಗಿ ನಿಂತಿವೆ. ತುಳುವಿನಲ್ಲಿ ‘ಇಜ್ಜಿ’, ‘ಅತ್ತ್’. ತೆಲುಗಿನವರು ‘ಲೇದು’, ‘ಕಾದು’ ಎಂಬ ಜೋಡಿಯಲ್ಲಿ ಅದೇ ಭೇದವನ್ನು ಉಳಿಸಿಕೊಂಡಿದ್ದಾರೆ. ಆಡುಮಾತಿನ ತಮಿಳಿನಲ್ಲಿ ಮಾತ್ರ ‘ಇಲ್ಲೈ’ ಎರಡು ಕೆಲಸವನ್ನೂ ಬಹುಮಟ್ಟಿಗೆ ವಹಿಸಿಕೊಂಡಿದೆ.

ಕನ್ನಡದ ‘ಅಲ್ಲ’ ಎಷ್ಟು ಹಳೆಯದು ಎಂಬುದಕ್ಕೆ ಬಾದಾಮಿಯ ಬಂಡೆಯೇ ಸಾಕ್ಷಿ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಅವನನ್ನು ಹೊಗಳುವ ತ್ರಿಪದಿಯೊಂದು, ಈತ ಸಾಕ್ಷಾತ್ ಮಾಧವನೇ ಹೊರತು ಬೇರೆಯವನಲ್ಲ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಆ ಪದ್ಯದ ಕೊನೆಯ ಪದದ ತುದಿಯಲ್ಲಿರುವುದು ‘ಅಲ್ಲ’. ಹದಿಮೂರು ಶತಮಾನ ಕಳೆದರೂ ಅದರ ರೂಪವೂ ಸವೆದಿಲ್ಲ, ಅರ್ಥವೂ ಜಾರಿಲ್ಲ.

ಹಳಗನ್ನಡಕ್ಕೆ ಇದಕ್ಕಿಂತ ಸೊಗಸಾದ ಇನ್ನೊಂದು ದಾರಿಯಿತ್ತು. ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಹಚ್ಚದೆ ನೇರವಾಗಿ ಪುರುಷ ಪ್ರತ್ಯಯ ಸೇರಿಸಿದರೆ ಸಾಕು, ಅದೇ ನಿಷೇಧ. ‘ಬಾರೆಂ’ ಎಂದರೆ ನಾನು ಬರುವುದಿಲ್ಲ, ‘ಅರಿಯಂ’ ಎಂದರೆ ಅವನಿಗೆ ತಿಳಿಯದು. ನಿನ್ನೆ, ಇಂದು, ನಾಳೆ ಎಂಬುದನ್ನು ಸಂದರ್ಭವೇ ಹೇಳಬೇಕು. ನಡೆಯದ ಕೆಲಸಕ್ಕೆ ಕಾಲದ ಗುರುತೇಕೆ ಎಂದು ಭಾಷೆಯೇ ಯೋಚಿಸಿದಂತಿದೆ. ಶಾಲೆಯ ವ್ಯಾಕರಣದಲ್ಲಿ ನಿಷೇಧಾರ್ಥಕ ರೂಪವೆಂದು ‘ಮಾಡೆನು, ಮಾಡನು, ಮಾಡದು’ ಎಂದು ಬಾಯಿಪಾಠ ಮಾಡಿದ್ದು ಇದನ್ನೇ.

ಈ ರೂಪ ಸತ್ತಿತೆಂದು ತಿಳಿಯಬಾರದು. ‘ತಿಳಿಯಬಾರದು’ ಎಂಬಲ್ಲೇ ಅದು ಕುಳಿತಿದೆ. ‘ಕೂಡದು’, ‘ಸಾಲದು’, ‘ಒಲ್ಲೆ’ ಎಲ್ಲವೂ ಅದರ ಮಕ್ಕಳು. ‘ಹೇಳದೆ ಹೋದ’ ಎಂಬುದರ ‘ಹೇಳದೆ’ ಕೂಡ ಅದೇ ಮನೆತನದ್ದು. ಪತ್ರಿಕೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹ ಓದುವಾಗ ನಾವು ಗಮನಿಸುವುದಿಲ್ಲ, ‘ಕಾಣೆ’ ಎಂದರೆ ‘ನಾನು ಕಂಡಿಲ್ಲ’ ಎಂದು. ಹುಡುಕುವವರ ಮಾತೇ ಹೋದವರ ಸ್ಥಿತಿಯ ಹೆಸರಾಗಿದೆ.

ಉಳಿದ ಜಾಗವನ್ನೆಲ್ಲ ‘ಇಲ್ಲ’ ಆಕ್ರಮಿಸಿತು. ‘ಬರುವುದು ಇಲ್ಲ’ ಎಂಬ ಎರಡು ಪದ ‘ಬರುವುದಿಲ್ಲ’ ಆಯಿತು, ಬೆಂಗಳೂರಿನ ಬಾಯಲ್ಲಿ ‘ಬರೋದಿಲ್ಲ’, ‘ಬರೋಲ್ಲ’, ‘ಬರಲ್ಲ’ ಎಂದು ಸಣ್ಣದಾಗುತ್ತ ಬಂತು. ಧಾರವಾಡದ ಕಡೆ ‘ಬರಂಗಿಲ್ಲ’. ‘ಅಲ್ಲ’ವೂ ಸುಮ್ಮನಿಲ್ಲ. ‘ಅಲ್ವಾ?’ ಎಂದು ಒಪ್ಪಿಗೆ ಕೇಳುತ್ತದೆ, ‘ಅಲ್ಲಾರೀ, ಇದೇನಿದು?’ ಎಂದು ಆಕ್ಷೇಪದ ಬಾಗಿಲು ತೆರೆಯುತ್ತದೆ. ಈ ಪದಗಳ ಹೆಜ್ಜೆಗುರುತು ಬೇಕಾದವರಿಗೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ತಂದ ನಿಘಂಟು ಇದೆ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದುಡಿದ ಆ ಪುಟಗಳಲ್ಲಿ ಅರ್ಥದ ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗಗಳೂ ಇವೆ.

ಈಗ ಬಸವನಗುಡಿ, ಮಲ್ಲೇಶ್ವರದ ಎಳೆಯರು ಕೊರಿಯನ್ ಕಲಿಯುತ್ತಿದ್ದಾರೆ. ಅವರಿಗೆ ಹೇಳಬೇಕಾದ ಮಾತೊಂದಿದೆ: ಇಂಗ್ಲಿಷಿನ ‘ನಾಟ್’ ಹಿಡಿದು ಹೋಗಬೇಡಿ, ಕನ್ನಡ ಹಿಡಿದು ಹೋಗಿ. ಕೊರಿಯನ್‌ನಲ್ಲೂ ಇರವಿಗೆ ಒಂದು ನಿಷೇಧ, ಗುರುತಿಗೆ ಇನ್ನೊಂದು. ‘ಒಪ್ಸೊಯೊ’ ನಮ್ಮ ‘ಇಲ್ಲ’, ‘ಅನಿಯೆಯೊ’ ನಮ್ಮ ‘ಅಲ್ಲ’. ‘ಗಾಯೊ’ ಎಂದರೆ ಹೋಗುತ್ತೇನೆ. ಅದರ ಮುಂದೆ ‘ಅನ್’ ಸೇರಿಸಿದರೆ ‘ಹೋಗಲ್ಲ’, ‘ಮೋತ್’ ಸೇರಿಸಿದರೆ ‘ಹೋಗಲಾರೆ’. ಮನಸ್ಸಿಲ್ಲದ್ದು ಬೇರೆ, ಕೈಲಾಗದ್ದು ಬೇರೆ ಎಂಬ ಈ ವಿವೇಕ ನಮಗೆ ಹೊಸದಲ್ಲ. ‘ಗಾಜಿ ಅನಾಯೊ’ ಎಂಬ ಉದ್ದನೆಯ ರೂಪದಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ, ‘ಹೋಗುವುದಿಲ್ಲ’ದ ಹಾಗೆಯೇ. ‘ಗಾಜಿ ಮಾಸೆಯೊ’ ಎಂದರೆ ‘ಹೋಗಬೇಡಿ’. ಅಲ್ಲಿನ ‘ಅನ್’ ಕೂಡ ‘ಅನಿ’ ಎಂಬ ಹಳೆಯ ಪದ ಮೊಟಕಾಗಿ ಆದದ್ದು.

ಇದರಿಂದ ಎರಡು ಭಾಷೆಗಳಿಗೆ ರಕ್ತಸಂಬಂಧವಿದೆ ಎಂದು ಹೇಳಲಾಗದು. ಕೊರಿಯದಲ್ಲಿದ್ದ ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನೇ ಬರೆದರು. ಅಂಥ ನಂಟನ್ನು ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಂಟು ಬೇಕಾಗಿಯೂ ಇಲ್ಲ. ಕಲಿಯುವವರಿಗೆ ಬೇಕಾದದ್ದು ಭೇದವನ್ನು ಗುರುತಿಸುವ ಕಿವಿ. ‘ಮಲ್ಲಿಗೆ ಇಲ್ಲ’, ‘ಮಲ್ಲಿಗೆ ಅಲ್ಲ’ ಎಂದು ಕೇಳುತ್ತ ಬೆಳೆದವರಿಗೆ ಆ ಕಿವಿ ಆಗಲೇ ಇದೆ. ಆದ್ದರಿಂದ ಈ ಊರಿನಲ್ಲಿ ಕೊರಿಯನ್ ಕಲಿಸುವವರು ನಿಷೇಧದ ಪಾಠವನ್ನು ಕನ್ನಡದಿಂದಲೇ ಆರಂಭಿಸಲಿ. ಪಾಠವೂ ಬೇಗ ಹತ್ತುತ್ತದೆ, ತಮ್ಮ ನುಡಿಯಲ್ಲಿ ಏನೇನಿದೆ ಎಂಬುದೂ ಮಕ್ಕಳಿಗೆ ಕಾಣುತ್ತದೆ.