ತೆರಪು

ತೆರಪು ಎಂಬ ಮಾತು ಈಗ ಬಳಕೆಯಲ್ಲಿ ಅಷ್ಟಾಗಿ ಉಳಿದಿಲ್ಲ. ಬಿಡುವು, ಎಡೆ, ಖಾಲಿ ಇರುವ ಜಾಗ ಎಂದೆಲ್ಲ ಅದಕ್ಕೆ ಅರ್ಥ. ನನಗೆ ಈ ಮಾತಿನ ಪರಿಚಯವಾದದ್ದು ನಿಘಂಟಿನಿಂದಲ್ಲ, ಅಂಚೆಯವನ ಚೀಲದಿಂದ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ಏರ್ಪಾಡು ಮಾಡಿತಲ್ಲ, ಅದಕ್ಕೆ ಅಂಚೆ ಮತ್ತು ತೆರಪಿನ ಶಿಕ್ಷಣ ಎಂಬ ಹೆಸರಿತ್ತು. ಹೆಸರಿಟ್ಟವರು ಬಹಳ ತಿಳಿದವರು. ಕಾಲೇಜಿಗೆ ಹೋಗಲಾರದವರಿಗೆ ಬೇಕಾದದ್ದು ಎರಡೇ: ಪಾಠವನ್ನು ಮನೆಗೆ ಮುಟ್ಟಿಸುವ ಅಂಚೆ, ಮನೆಯಲ್ಲಿ ಅದನ್ನು ಓದುವುದಕ್ಕೊಂದಿಷ್ಟು ತೆರಪು.

ನನ್ನ ಬಿ.ಎ. ಆದದ್ದು ಹಾಗೆಯೇ, ಮದುವೆಯಾಗಿ ಮಲೆನಾಡಿನ ಅಡಿಕೆ ತೋಟದ ಮನೆ ಸೇರಿದ ಮೇಲೆ. ಸಿದ್ಧಪಾಠಗಳ ಕಟ್ಟು ಬಂದ ದಿನ ಮನೆಯಲ್ಲಿ ಎಲ್ಲರೂ ಅದನ್ನೊಮ್ಮೆ ಮುಟ್ಟಿ ನೋಡುವವರೇ. ನಮ್ಮ ಅತ್ತೆ ಓದಿದವರಲ್ಲ. ಆದರೆ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ನಾಲ್ಕು ಗಂಟೆಯ ಕಾಫಿಯವರೆಗೆ ನನ್ನನ್ನು ಯಾರೂ ಕೂಗಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಆ ಎರಡು ಗಂಟೆಯೇ ನನ್ನ ವಿಶ್ವವಿದ್ಯಾನಿಲಯ. ಪುಸ್ತಕಕ್ಕೆ ಕರೆಂಟು ಬೇಡ, ಹೋದ ವಾರದ ಪಾಠ ಈ ವಾರವೂ ಅಲ್ಲೇ ಇರುತ್ತಿತ್ತು. ಬಿ.ಎಡ್.ಗೆ ಮಾತ್ರ ಊರು ಬಿಟ್ಟು ಹೋದೆ, ಅದು ಬೇರೆ ಕಥೆ.

ದೂರದಿಂದ ಕಲಿಸುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಕಾಗದ ತಲುಪಿಸುವ ಅಂಚೆ ಬಂದ ಕೂಡಲೇ ಐಸಾಕ್ ಪಿಟ್‌ಮನ್ ಎಂಬಾತ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದ. ಲಂಡನ್ ವಿಶ್ವವಿದ್ಯಾನಿಲಯ 1858ರಲ್ಲಿ, ಎಲ್ಲಿ ಓದಿದರೂ ಸರಿ, ಪರೀಕ್ಷೆ ಗೆದ್ದರೆ ಪದವಿ ಎಂದಿತು. ಹೆಣ್ಣುಮಕ್ಕಳಿಗೂ ಪದವಿ ಕೊಡಬಹುದೆಂದು ಅದಕ್ಕೆ ಹೊಳೆಯಲು ಇನ್ನೂ 20 ವರ್ಷ ಬೇಕಾಯಿತು! ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಶುರುಮಾಡಿತು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇವೆಲ್ಲ ನಿಧಾನವಾಗಿ, ವಿದ್ಯಾರ್ಥಿಯ ಮನೆ ಹೇಗಿರುತ್ತದೆಂದು ಬಲ್ಲವರು ಕಟ್ಟಿದವು.

2020ರಲ್ಲಿ ಆದದ್ದು ಹಾಗಲ್ಲ. ಮಾರ್ಚ್ ತಿಂಗಳಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಮರುದಿನದಿಂದ ಒಂದು ವಾರ ವಿಶ್ವವಿದ್ಯಾನಿಲಯಗಳೂ ಸೇರಿ ಎಲ್ಲ ಬಂದ್ ಎಂದರು. ಒಂದು ವಾರ ತಾನೆ ಎಂದು ಹಾಸ್ಟೆಲ್ ಹುಡುಗರು ಎರಡು ಜೊತೆ ಬಟ್ಟೆ ಹಿಡಿದುಕೊಂಡು ಊರಿಗೆ ಬಂದರು. ಪುಸ್ತಕ, ನೋಟ್ಸು, ಟ್ರಂಕು ಎಲ್ಲ ರೂಮಿನಲ್ಲೇ ಉಳಿಯಿತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಮುಂದೆ ಎಷ್ಟೋ ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿ.ಎಸ್ಸಿ. ಓದುತ್ತಿದ್ದ. ತನ್ನ ಮಂಚದ ಮೇಲೆ ಯಾರೋ ಮಲಗಿದ್ದಾರೆ, ತನ್ನ ರಸಾಯನಶಾಸ್ತ್ರದ ನೋಟ್ಸು ಅದೇ ಮಂಚದ ಕೆಳಗಿದೆ ಎಂದು ನಗುತ್ತ ಹೇಳಿದ. ನಗು ಬರುವ ಮಾತಾಗಿರಲಿಲ್ಲ.

ಆಗ ಎಲ್ಲರ ಬಾಯಲ್ಲೂ ನ್ಯೂಟನ್ನನ ಕಥೆ. 1665ರಲ್ಲಿ ಪ್ಲೇಗು ಬಂದು ಕೇಂಬ್ರಿಜ್ ಮುಚ್ಚಿದಾಗ ಅವನು ಊರಿಗೆ ಹೋಗಿ ಗಣಿತ, ಬೆಳಕು, ಗುರುತ್ವಾಕರ್ಷಣೆ ಎಲ್ಲವನ್ನೂ ಕಂಡುಹಿಡಿದ, ನೀವೇಕೆ ಮೊಬೈಲು ಒತ್ತುತ್ತ ಕೂತಿದ್ದೀರಿ ಎಂದು ಮಕ್ಕಳಿಗೆ ಉಪದೇಶ. ನ್ಯೂಟನ್ ಅಷ್ಟರಲ್ಲಿ ಬಿ.ಎ. ಮುಗಿಸಿದ್ದ. ತಾಯಿಗೆ ಜಮೀನಿತ್ತು, ಅವನಿಗೆ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಕೋಣೆಯಿತ್ತು. ಯಾರೂ ದಿನಕ್ಕೆ ಐದು ಸಲ ಅವನ ಹಾಜರಿ ಕೂಗುತ್ತಿರಲಿಲ್ಲ. ಅವನಿಗೆ ಸಿಕ್ಕಿದ್ದು ಪಾಠವಲ್ಲ, ತೆರಪು. ನಮ್ಮ ಮಕ್ಕಳಿಗೆ ಪಾಠವೇನೋ ಬಂತು, ತೆರಪು ಬರಲಿಲ್ಲ.

ಪಾಠ ಬಂತು ಎಂದೆ, ಅದೂ ಪೂರ್ತಿ ನಿಜವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017-18ರಲ್ಲಿ ಲೆಕ್ಕ ತೆಗೆದಾಗ ದೇಶದ ಹಳ್ಳಿಗಳಲ್ಲಿ ನೂರು ಮನೆಗೆ ಸುಮಾರು 15ರಲ್ಲಿ ಇಂಟರ್‌ನೆಟ್ ಸೌಲಭ್ಯವಿತ್ತು, ಕಂಪ್ಯೂಟರ್ ಇದ್ದದ್ದು ನಾಲ್ಕೈದರಲ್ಲಿ. ಸರ್ಕಾರದ ಬಳಿಯೇ ಇದ್ದ ಲೆಕ್ಕವಿದು. ನಮ್ಮ ಕಡೆಯಂತೂ ಕಣಿವೆಯ ಮನೆಗಳು. ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ನಮ್ಮೂರ ಮೇಲಿನ ಬ್ಯಾಣದಲ್ಲಿ ಒಂದು ನೇರಳೆ ಮರವಿದೆ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ, ಪಕ್ಕದ ಬಂಡೆ ಹತ್ತಿದರೆ ಮೂರು. ಇಂಜಿನಿಯರಿಂಗ್, ಬಿ.ಕಾಂ., ನರ್ಸಿಂಗ್, ಎಲ್ಲ ಕಾಲೇಜುಗಳೂ ಆ ಒಂದೇ ಮರದ ಕೆಳಗೆ ಸೇರಿದವು. ಮಳೆ ಹಿಡಿದ ಮೇಲೆ ಹುಡುಗರು ಟಾರ್ಪಾಲು ಕಟ್ಟಿದರು. ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ಹಚ್ಚಿಕೊಂಡು ಕಂಬಳಿ ಕೊಪ್ಪೆಯೊಳಗೆ ಫೋನು ಹಿಡಿದು ಕೂರುತ್ತಿದ್ದರು. ಬ್ಯುರೆಟ್ಟನ್ನು ತಿರುಗಿಸುವುದು ಹೇಗೆಂದು ಮೇಷ್ಟರು ಪರದೆಯಲ್ಲಿ ತೋರಿಸುತ್ತಾರೆ. ದ್ರಾವಣಕ್ಕೆ ಬಣ್ಣ ಬರುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಡುತ್ತದೆ. ಡೇಟಾ ಮಧ್ಯಾಹ್ನಕ್ಕೇ ಖಾಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನಕ್ಕೂ ಬಾರದ ಊರಿನಲ್ಲಿ ಫೋನು ಚಾರ್ಜ್ ಮಾಡಲು ಯಾರದೋ ಮನೆಯ ಜೀಪಿನ ಬ್ಯಾಟರಿಗೆ ಮೊರೆ.

ಕಡೆಗೆ 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕುವುದಿಲ್ಲ ಎಂಬ ಫಲಕಗಳು ಎದ್ದವು. ಅದೇ ಜೂನ್‌ನಲ್ಲಿ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಿತು. ಒಳ್ಳೆಯದೇ. ಆದರೆ ಟ್ಯಾಬನ್ನೂ ಅದೇ ಬಂಡೆಗೆ ಹೊತ್ತುಕೊಂಡು ಹೋಗಬೇಕಾಗಿತ್ತು.

ಪರೀಕ್ಷೆಯ ಗೊಂದಲ ಬೇರೆ. 2020ರ ಜುಲೈ 6ರಂದು ಯುಜಿಸಿ, ಕೊನೆಯ ವರ್ಷದವರಿಗೆ ಸೆಪ್ಟೆಂಬರ್ ಮುಗಿಯುವುದರೊಳಗೆ ಪರೀಕ್ಷೆ ಆಗಲೇಬೇಕೆಂದಿತು. ಉಳಿದವರನ್ನು ಪರೀಕ್ಷೆಯಿಲ್ಲದೆ ಮುಂದಕ್ಕೆ ಹಾಕುವುದಾಗಿ ನಮ್ಮ ರಾಜ್ಯ ಸರ್ಕಾರ ಹೇಳಿತು. ಕೊನೆಯ ವರ್ಷದವರ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ ಆಗಸ್ಟ್ 28ರಂದು ಪರೀಕ್ಷೆಯೇ ಗೆದ್ದಿತು. ಬರೆದವರಿಗೂ ಬರೆಯದವರಿಗೂ ಕೊರೊನಾ ಬ್ಯಾಚು ಎಂಬ ಒಂದೇ ಬಿರುದು ಅಂಟಿಕೊಂಡಿತು.

ಇಷ್ಟು ಹೇಳಿದ್ದರಲ್ಲಿ ಹುಡುಗಿಯರ ಮಾತು ಬರಲಿಲ್ಲ. ಆ ಮರದ ಕೆಳಗೂ ಅವರು ಅಷ್ಟಾಗಿ ಕಾಣಲಿಲ್ಲ. ಮನೆಗೊಂದು ಫೋನು ಇದ್ದರೆ ಅದು ಮೊದಲು ಅಣ್ಣನಿಗೋ ತಮ್ಮನಿಗೋ. ಗುಡ್ಡಕ್ಕೆ ಹುಡುಗರ ಜೊತೆ ಹೋಗುವುದು ಬೇಡ ಎಂಬುದು ಎರಡನೆಯದು. ನನ್ನ ಶಾಲೆಯಲ್ಲಿ ಓದಿ ಹೋದ ಹುಡುಗಿಯೊಬ್ಬಳು ಆಗ ಮೊದಲ ವರ್ಷದ ಬಿ.ಕಾಂ.ನಲ್ಲಿದ್ದಳು. ಬಸ್ಸಿನಲ್ಲಿ ಒಂದೂಕಾಲು ಗಂಟೆ ಹೋಗಿ ಬರುತ್ತಿದ್ದವಳು. ಕಾಲೇಜು ಮುಚ್ಚಿದ ಮೇಲೆ ಅವಳು ಮನೆಯಲ್ಲಿದ್ದಾಳೆ ಎನ್ನುವುದೊಂದೇ ಎಲ್ಲರಿಗೂ ಕಂಡದ್ದು, ಓದುತ್ತಿದ್ದಾಳೆ ಎನ್ನುವುದು ಯಾರಿಗೂ ಕಾಣಲಿಲ್ಲ. ದನದ ಕೆಲಸ, ಅಡಿಗೆ, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ರೊಟ್ಟಿ ತಟ್ಟುತ್ತ ಕಾಸ್ಟ್ ಅಕೌಂಟಿಂಗ್ ಕೇಳಿದವಳವಳು. ಲೆಕ್ಕದ ಪಾಠ ಕಿವಿಯಲ್ಲಿ ಕೇಳಿದರೆ ತಲೆಗೆ ಹತ್ತುತ್ತದೆಯೇ?

2020ರ ನವೆಂಬರ್ 17ಕ್ಕೆ ಕಾಲೇಜು ತೆರೆದರು. ಬರಲೇಬೇಕೆಂದಿಲ್ಲ, ಬರುವುದಾದರೆ ತಂದೆತಾಯಿಯ ಒಪ್ಪಿಗೆ ಪತ್ರವೂ ಕೊರೊನಾ ಪರೀಕ್ಷೆಯ ವರದಿಯೂ ಬೇಕು. ಆರೋಗ್ಯದ ದೃಷ್ಟಿಯಿಂದ ಸರಿಯಾದ ನಿಯಮವೇ. ಆದರೆ ಆ 'ಬರಲೇಬೇಕೆಂದಿಲ್ಲ' ಎಂಬ ಮಾತು ಎಷ್ಟು ಮನೆಗಳಲ್ಲಿ 'ಹೋಗಬೇಡ' ಎಂದಾಯಿತೋ! ಅವಳ ಅಪ್ಪ ಕೆಟ್ಟವರಲ್ಲ. "ಪಾಠ ಮನೆಗೇ ಬರ್ತದಲ್ಲ ಟೀಚರ್, ಬಸ್ ಚಾರ್ಜ್ ಯಾಕೆ ದಂಡ?" ಎಂದರು. ಅಡಿಕೆ ಸುಲಿಯುವ ಕಾಲ ಬೇರೆ. ಜೊತೆಗೆ ಒಂದು ಸಂಬಂಧವೂ ಬಂದಿತ್ತು. ನಾನು ನಮ್ಮ ಅತ್ತೆಯ ವಿಷಯ ಹೇಳಿದೆ, ಒಂದು ಲೋಟ ಕಾಫಿ ಕುಡಿದೆ, ಬಂದೆ. ಆ ವರ್ಷ ನಮ್ಮ ಸುತ್ತಿನಲ್ಲಿ ಐವತ್ತು ಜನರ ಸಣ್ಣ ಮದುವೆಗಳು ಬಹಳ ನಡೆದವು. ಖರ್ಚು ಕಡಿಮೆ ಎಂದು ಓದುವ ಹುಡುಗಿಯರನ್ನೂ ಕೊಟ್ಟರು. ಅವಳ ಸಂಬಂಧ ಮಾತ್ರ ಜಾತಕ ಕೂಡದೆ ತಪ್ಪಿತು. ಜಾತಕಕ್ಕೆ ನಾನು ಕೃತಜ್ಞಳಾದದ್ದು ಅದೊಂದೇ ಸಲ.

ಎರಡನೆಯ ಅಲೆ ಬಂದು 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿದ ಕಾಲೇಜುಗಳು, ಲಸಿಕೆ ಹಾಕಿಸಿಕೊಂಡವರಿಗಾಗಿ ಜುಲೈ 26ಕ್ಕೆ ತೆರೆದವು. ಅವಳು ಅಷ್ಟರೊಳಗೆ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಸಾಲು ನಿಂತು ಒಂದು ಡೋಸು ಹಾಕಿಸಿಕೊಂಡಿದ್ದಳು. ಆಗಸ್ಟ್‌ನಲ್ಲೊಂದು ದಿನ ಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮಧ್ಯಾಹ್ನ ಒಂದಕ್ಕೇ ತರಗತಿ ಮುಗಿಯುತ್ತದೆ, ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಐದೂವರೆಯ ಕೊನೆಯ ಬಸ್ಸಿನವರೆಗೂ ಲೈಬ್ರರಿಯಲ್ಲೇ ಕೂರುತ್ತೇನೆ ಎಂದಳು. "ಒಂದೂವರೆ ಬಸ್ಸಿದೆ ಅಂತ ಅಪ್ಪನಿಗೆ ಹೇಳ್ಬೇಡಿ ಟೀಚರ್."

ನಾನು ಹೇಳಲಿಲ್ಲ.