ಎರೆಹೊಲದ ಇಲಿಗೆ ಲ್ಯಾಟಿನ್ ಹೆಸರು

ಶಾಸನಗಳ ಅಭ್ಯಾಸಿಗಳಿಗೆ ವಾಲ್ಟರ್ ಎಲಿಯಟ್ ಸಾಹೇಬರ ಹೆಸರು ಹೊಸದಲ್ಲ. ಕನ್ನಡನಾಡಿನ 595 ಶಾಸನಗಳ ನಕಲುಗಳನ್ನು ಕೂಡಿಹಾಕಿದವರು ಅವರು. 1824ರ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಮಡಿದಾಗ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬರೂ ಅವರೇ. ಅವರ ಇನ್ನೊಂದು ಕೆಲಸವನ್ನು ಮಾತ್ರ ನಾವು ಕನ್ನಡದವರು ಅಷ್ಟಾಗಿ ನೆನೆದಿಲ್ಲ. 1839ರಲ್ಲಿ ಮದರಾಸಿನ ವಿದ್ವತ್ಸಂಘದ ಪತ್ರಿಕೆಯಲ್ಲಿ ಅವರು ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡದ ಸುತ್ತಣ ಪ್ರದೇಶದ, ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಶಾಸ್ತ್ರೀಯ ನಾಮಗಳ ಬದಿಯಲ್ಲಿಯೇ ಊರವರ ಬಾಯಲ್ಲಿದ್ದ ಹೆಸರುಗಳನ್ನೂ ಬರೆದಿಟ್ಟರು. ಆ ಪಟ್ಟಿಯನ್ನು ಪ್ರಾಣಿಶಾಸ್ತ್ರಜ್ಞರು ಬಹುಕಾಲ ಓದಿದರು. ಕನ್ನಡ ಪಂಡಿತರು ಓದಿದ್ದರೂ ಚೆನ್ನಾಗಿತ್ತು.

ಅದರಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಹುಲಿಯಲ್ಲ, ಚಿರತೆಯಲ್ಲ, ಒಂದು ಇಲಿ. ಕಲ್ಲು ಮಣ್ಣಿನ ಕೆಲಸದ ವಡ್ಡರು ಅದನ್ನು ‘ಮೆತ್ತಡೆ’ ಎನ್ನುತ್ತಿದ್ದರಂತೆ. ಈ ಪ್ರಾಣಿ ಆಳವಾದ ಬಿಲ ತೋಡುವ ಗೋಜಿಗೆ ಹೋಗುವುದಿಲ್ಲ. ಹೊಲದಲ್ಲಿ ಆಯ್ದು ಗುಡ್ಡೆಹಾಕಿದ ಕಲ್ಲುಗಳ ಸಂದಿ, ಇಲ್ಲವೇ ಬೇಸಗೆಯಲ್ಲಿ ಎರೆನೆಲ ಬಾಯಿಬಿಟ್ಟ ಬಿರುಕು, ಅದಕ್ಕೆ ಸಾಕು. ಮುಂಗಾರು ಸರಿಯಾಗಿ ಸುರಿದರೆ ಬಿರುಕುಗಳು ಮುಚ್ಚಿಕೊಂಡು ಸಾವಿರಾರು ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿತು. ಇಲಿ ಉಳಿಯಿತು, ಬೆಳೆ ಉಳಿಯಲಿಲ್ಲ. ಬಿತ್ತಿದ ಬೀಜವನ್ನು ತಿಂದದ್ದಲ್ಲದೆ, ಅಳಿದುಳಿದ ಜೋಳದ ದಂಟನ್ನೇರಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಕಂದಾಯ ಕಟ್ಟಲಾರದ ಸ್ಥಿತಿ ರೈತರಿಗೆ ಬಂತು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಡಿ ಅವರು ವಡ್ಡರನ್ನು ಕರೆಸಿದರು. ಸಾವಿರ ಸಾವಿರವಾಗಿ ಕೊಂದರೂ ಇಲಿಯ ಹಿಂಡು ಕರಗಲಿಲ್ಲವೆಂದು ಎಲಿಯಟ್ಟರು ಬರೆಯುತ್ತಾರೆ. ಬರಗಾಲದ ಚರಿತ್ರೆಯನ್ನು ಬರೆಯುವವರು ಮಳೆಯ ಲೆಕ್ಕದೊಡನೆ ಇದನ್ನೂ ಗಮನಿಸಬೇಕು.

1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ ಎಲಿಯಟ್ಟರ ಇಲಿಗಳಿಗೆ ನಾಮಕರಣ ಮಾಡಿದ. ಮೆತ್ತಡೆ ‘ಮೆಲ್ಟಡ’ ಆಯಿತು. ಕನ್ನಡದ ‘ಗುಲಂಡಿ’ ಎಂಬ ಇಲಿ ‘ಗೊಲುಂಡ’ ಆಯಿತು. ‘ಕೋಕ್’ ಮಾತ್ರ ಇದ್ದ ಹಾಗೆಯೇ ಉಳಿಯಿತು. ಮೆತ್ತಡೆಯ ತುಪ್ಪಳ ಬಹಳ ಮೃದುವಾದದ್ದು. ನಮ್ಮ ‘ಮೆತ್ತಗೆ’ ಎಂಬ ಮಾತಿಗೂ ಈ ಹೆಸರಿಗೂ ನಂಟಿದ್ದೀತೇ ಎಂಬುದನ್ನು ಭಾಷಾಶಾಸ್ತ್ರಜ್ಞರು ನೋಡಬೇಕು. ಇಂದು ಅದರ ಪೂರ್ಣ ನಾಮ ‘ಮಿಲ್ಲಾರ್ಡಿಯ ಮೆಲ್ಟಡ’. ಮುಂದಿನ ಭಾಗ 1911ರಲ್ಲಿ ಸೇರಿದ್ದು. 1883ರಲ್ಲಿ ಹುಟ್ಟಿದ ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಬಹುಕಾಲ ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡನ ಗೌರವಾರ್ಥ. ಸಂಘದ ಕಾರ್ಯದರ್ಶಿಯೂ ವಡ್ಡರ ಮಾತೂ ಒಂದೇ ಇಲಿಯ ಬೆನ್ನೇರಿ ಕುಳಿತಿವೆ!

ಅದೇ 1911ರಲ್ಲಿ ಆ ಸಂಘ ಸಸ್ತನಿಗಳ ದೊಡ್ಡ ಸಮೀಕ್ಷೆಯನ್ನು ಆರಂಭಿಸಿತು. ಧಾರವಾಡ ಜಿಲ್ಲೆಯಲ್ಲಿಯೂ ಸಂಗ್ರಹ ನಡೆಯಿತು. ಗದಗು ದಾಟಿ ಪೂರ್ವಕ್ಕೆ ನಡೆದರೆ ಎರೆನೆಲವೇನೂ ಮುಗಿಯುವುದಿಲ್ಲ, ಯಲಬುರ್ಗಿಯವರೆಗೂ ಹಾಸಿಕೊಂಡಿದೆ. ಮುಗಿಯುತ್ತಿದ್ದುದು ಕಂಪನಿಯ, ಆಮೇಲೆ ಮುಂಬಯಿಯ ಆಡಳಿತ. ಕೊಪ್ಪಳ, ಯಲಬುರ್ಗಿಗಳು ಸಾಲಾರಜಂಗರ ಜಹಗೀರು. ಗಂಗಾವತಿ, ಕುಷ್ಟಗಿಗಳು ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದವು. ಇಲಿಗೆ ಗಡಿಯಿಲ್ಲ, ದಫ್ತರಿಗೆ ಉಂಟು. ಹೈದರಾಬಾದು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಸಲೀಂ ಅಲಿಯವರಿಂದ ನಡೆದದ್ದು 1931ರ ಹೊತ್ತಿಗೆ. ಎಲಿಯಟ್ಟರು ಧಾರವಾಡ ಬಿಟ್ಟು ಸುಮಾರು ನೂರು ವರ್ಷಗಳ ಮೇಲೆ.

ಈ ಅಂತರದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಕುರುಬರಿಗೂ ವಡ್ಡರಿಗೂ ಬೇಟೆಗಾರರಿಗೂ ತಿಳಿದಿದ್ದ ಹೆಸರುಗಳು ಬಾಯಿಂದ ಬಾಯಿಗೆ ಬಂದಷ್ಟೇ ಬಂದವು. ತುಂಗಭದ್ರೆಯ ಕಾಲುವೆ ಬಂದಮೇಲೆ ಗಂಗಾವತಿಯ ಹೊಲಗಳು ಭತ್ತದ ಗದ್ದೆಗಳಾದವು. ನೀರು ನಿಂತ ನೆಲ ಬೇಸಗೆಯಲ್ಲಿ ಹಿಂದಿನಂತೆ ಬಿರಿಯುವುದಿಲ್ಲ. ಬಿರುಕಿನೊಡನೆ ಅಲ್ಲಿ ವಾಸವಾಗಿದ್ದುದರ ಹೆಸರೂ ಮುಚ್ಚಿಹೋಗುವುದು ಸಹಜ. ಈಚೆಗೆ ಅದೇ ಸೀಮೆಯ ಬಂಕಾಪುರದಲ್ಲಿ ತೋಳಗಳಿಗೆಂದು ಅಭಯಾರಣ್ಯವಾಗಿದೆ. ಸಂತೋಷವೇ. ಅಲ್ಲಿ ಮರಿಗಳ ಎಣಿಕೆಯ ಪುಸ್ತಕವೊಂದು ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕವಿಟ್ಟು, ತೋಳದ ಜಾಡು, ಕೂಗು, ಗವಿ, ಮರಿಗಳಿಗೆ ಕುರಿ ಕಾಯುವವರು ಏನೇನು ಹೇಳುತ್ತಾರೆಂಬುದನ್ನು ಅವರದೇ ಮಾತಿನಲ್ಲಿ ಬರೆಯಿಸಬಾರದೇಕೆ? ಕಾಲೇಜಿನ ಹುಡುಗರು ರಜೆಯಲ್ಲಿ ಮಾಡಬಹುದಾದ ಕೆಲಸ. ಪ್ರಾಣಿಶಾಸ್ತ್ರದ ಹುಡುಗನೊಬ್ಬ, ಕನ್ನಡದ ಹುಡುಗಿಯೊಬ್ಬಳು ಜೊತೆಯಾಗಿ ಹೋದರೆ ಇನ್ನೂ ಮೇಲು. ಮೊದಲು ಯಲಬುರ್ಗಿಯ ಕಡೆ ಹೋಗಿ ಮೆತ್ತಡೆಯನ್ನು ಕೇಳಿಬರಲಿ.