ಏಳು ಸಣ್ಣ ಕೂಗು, ಒಂದು ಉದ್ದ ಕೂಗು

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದ ಮಗಳ ಮನೆಗೆ ಹೋದಾಗ, ಮಿಯಾಮಿಯಿಂದ ಬಹಾಮಾಸ್ ದ್ವೀಪಗಳಿಗೆ ಹೋಗುವ ವಿಹಾರದ ಹಡಗು ಹತ್ತಿದೆವು. ಜೊತೆಗೆ ಏಳು ವರ್ಷದ ಮೊಮ್ಮಗ. ಅವನಿಗೆ ಆಟಿಸಂ. ಮಾತು ಕಡಿಮೆ, ಗಟ್ಟಿ ಸದ್ದಾದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಳಿತುಬಿಡುತ್ತಾನೆ.

ಹಡಗಿನಲ್ಲಿ ಎಲ್ಲರೂ ಕಲಿಯಬೇಕಾದ ಮೊದಲ ಪಾಠವೇ ಒಂದು ಗಟ್ಟಿ ಸದ್ದು. ಏಳು ಸಣ್ಣ ಕೂಗು, ಒಂದು ಉದ್ದ ಕೂಗು: ಅಪಾಯದ ಸೂಚನೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಲವು ದೇಶಗಳು ಕೂಡಿ ಸಮುದ್ರಯಾನದ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಅಂದು ಹತ್ತಿದ ನೂರಾರು ಜನರಿಗೆ ಇನ್ನೂ ತರಬೇತಿಯೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು.

ಮಗಳು ವಾರದ ಮೊದಲೇ ಆ ಕೂಗನ್ನು ಫೋನಿನಲ್ಲಿ ಮೆಲ್ಲಗೆ ಕೇಳಿಸಿ, ದಿನಕ್ಕಿಷ್ಟು ಸದ್ದು ಏರಿಸಿ, ಬೆರಳು ಮಡಿಚಿ ಎಣಿಸುವುದನ್ನು ಕಲಿಸಿದ್ದಳು. ಹಡಗು ಕೂಗಿತು. ಮಗು ನಡುಗುತ್ತಲೇ ಏಳು ಬೆರಳು ಮಡಿಚಿತು. ಉದ್ದ ಕೂಗಿಗೆ ಅಮ್ಮನ ಕೈ ಹಿಡಿಯಿತು.

ನಾನು ತಲೆ ತಗ್ಗಿಸಿ ನಿಂತೆ. ನಾಲ್ಕು ವರ್ಷದ ಹಿಂದೆ ವೈದ್ಯರು ಆಟಿಸಂ ಎಂದಾಗ, "ಕೆಲಸ ಕೆಲಸ ಅಂತ ಮಗೂನ ನೀನು ಎತ್ತಿಕೊಳ್ಳಲೇ ಇಲ್ಲ" ಎಂದು ಇವಳಿಗೇ ಹೇಳಿದವಳು ನಾನು.

ಆ ಮಾತು ಎಷ್ಟು ಹಳೆಯದೆಂದು ಆಮೇಲೆ ಓದಿ ತಿಳಿದೆ. 1943ರಲ್ಲಿ ಬಾಲ್ಟಿಮೋರಿನ ಡಾ. ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ಜಗತ್ತಿಗೆ ಪರಿಚಯಿಸಿದರು. ಅದು ಹುಟ್ಟಿನಿಂದ ಬಂದದ್ದೆಂದು ಆಗ ಬರೆದವರೇ, 1949ರಲ್ಲಿ ತಂದೆತಾಯಿಯರ ತಣ್ಣನೆಯ ಸ್ವಭಾವದತ್ತ ಬೆರಳು ತೋರಿಸಿದರು. 'ಫ್ರಿಜ್ಜಿನಂಥ ತಾಯಿ' ಎಂಬ ಹೆಸರು ಬಿತ್ತು. ನೌಕಾಪಡೆಯ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಸ್ವತಃ ಇಂಥ ಮಗನ ತಂದೆ. ಕಾರಣ ಮಗುವಿನ ದೇಹದಲ್ಲಿದೆ, ತಾಯಿಯ ಪ್ರೀತಿಯ ಕೊರತೆಯಲ್ಲಲ್ಲ ಎಂದು 1964ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆದರೂ 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಪುಸ್ತಕದಿಂದ ಹಳೆಯ ದೂರಿಗೆ ಮತ್ತೆ ಬಲ ಕೊಟ್ಟರು. ಕೊನೆಗೆ 1969ರಲ್ಲಿ ಕ್ಯಾನರರೇ ತಂದೆತಾಯಿಯರ ಸಭೆಯಲ್ಲಿ ನಿಂತು, ನೀವು ನಿರ್ದೋಷಿಗಳು ಎಂದರು. ಅವಳಿ ಮಕ್ಕಳನ್ನು ಕುರಿತ 1977ರ ಅಧ್ಯಯನ ವಂಶವಾಹಿಯ ಪಾತ್ರವನ್ನೂ ತೋರಿಸಿತು.

ಇಷ್ಟಾದರೂ ಆ ದೂರು ಹಾಗೇ ಉಳಿದು, ಇತಿಹಾಸ ಪಾಠ ಮಾಡುವ ನನ್ನ ಬಾಯಿಗೂ ಬಂದಿತ್ತು.

ಕ್ಯಾನರರಿಗೆ ಇಪ್ಪತ್ತು ವರ್ಷ ಬೇಕಾಯಿತು, ನನಗೆ ನಾಲ್ಕು. ರಾತ್ರಿ ಡೆಕ್ಕಿನ ಮೇಲೆ, "ಅವತ್ತು ನಾನು ಹಾಗನ್ನಬಾರದಿತ್ತು ಕಣೇ, ತಪ್ಪಾಯ್ತು" ಎಂದೆ. ಮಗಳು ಸುಮ್ಮನೆ ಸಮುದ್ರ ನೋಡಿದಳು. ಆಮೇಲೆ, "ಮೆಲ್ಲಗೆ ಮಾತಾಡಮ್ಮ, ಅವನು ಈಗಷ್ಟೇ ಮಲಗಿದಾನೆ" ಎಂದು ನನ್ನ ತೋಳಿಗೆ ಒರಗಿದಳು.